ಮೋಕ್ಷಿತಾಳ ಯಂತ್ರವೂ ಮಾಸ್ಟರ ಧ್ವಜಾಯವೂ

ನಾಯ್ಮಾರ್ಮೂಲೆಯ ಉಗ್ಗಪ್ಪನ ವರ್ಕ್‌ಶಾಪಿಗೆ ಕಾಲಿಟ್ಟ ಗಿರಾಕಿಗಳು ಮೊದಲು ಕೇಳುವುದು, ಇಲ್ಲಿ ಜನ ಯಾರೂ ಇಲ್ಲವಾ ಎಂದು. ಕೇಳುವುದು ಯಾರೊಡನೆ? ಕಂಪ್ಯೂಟರ್ ಹೇಳಿದ ಅಳತೆಗೆ ಲೋಹ ಕಡೆಯುವ ಸಿಎನ್‌ಸಿ ಯಂತ್ರದ ಎದುರು ನಿಂತ ಮೋಕ್ಷಿತಾಳೊಡನೆಯೇ! ಐಟಿಐ ಮುಗಿಸಿ ಒಂಬತ್ತು ವರ್ಷ ಆ ಯಂತ್ರದೊಡನೆ ಏಗಿದವಳು ಅವರ ಲೆಕ್ಕದಲ್ಲಿ ಜನವೇ ಅಲ್ಲ. ಮೊದಮೊದಲು ಅವಳಿಗೆ ಮೈಯೆಲ್ಲ ಉರಿಯುತ್ತಿತ್ತು. ಈಗ, ಇದ್ದಾರೆ, ನಾನೇ ಎಂದು ಅವರು ತಂದ ನಕ್ಷೆಗೆ ಕೈ ಚಾಚುತ್ತಾಳೆ.

ಈ ಸಲ ನಕ್ಷೆ ತಂದವರು ದೇಲಂಪಾಡಿಯ ವೆಂಕಟಕೃಷ್ಣ ಮಾಸ್ಟರು. ನಿವೃತ್ತರಾದ ಮೇಲೆ ಸುಮ್ಮನೆ ಕೂರಲಾರದೆ ಹಲಸಿನ ಚಿಪ್ಸ್ ಕೊಯ್ಯುವ ಯಂತ್ರ ಕಂಡುಹಿಡಿದ ಮಹಾನುಭಾವರು. ಹೆಂಗಸರ ಚಿಪ್ಸ್ ಘಟಕಗಳು ಇಪ್ಪತ್ತು ಯಂತ್ರ ಕೊಳ್ಳಲು ಒಪ್ಪಿದ್ದವು, ಬೆಲೆ ಕೈಗೆಟಕಿದರೆ ಮಾತ್ರ. ಇತ್ತ ಉಗ್ಗಪ್ಪ ಮೋಕ್ಷಿತಾಳಿಗೆ ಹೇಳಿಯಾಗಿತ್ತು, ಈ ಆರ್ಡರ್ ತಪ್ಪಿದರೆ ಸಿಎನ್‌ಸಿಯನ್ನು ಮಾರಿಬಿಡುವುದೇ. ಯಂತ್ರ ಹೋದರೆ ಅವಳೂ ಮನೆಗೆ.

ನಕ್ಷೆ ನೋಡಿ ಅವಳಿಗೆ ತಲೆ ಗಿರ್ರೆಂದಿತು. ಶಾಫ್ಟಿನ ದಪ್ಪ ಇಪ್ಪತ್ತಮೂರು ಪಾಯಿಂಟ್ ನಾಲ್ಕು ಮಿಲಿಮೀಟರ್. ತೂತುಗಳು ಎಂಟು ಪಾಯಿಂಟ್ ಆರು ನಾಲ್ಕು. ಪೇಟೆಯಲ್ಲಿ ಬೇರಿಂಗ್ ಸಿಗುವುದು ಇಪ್ಪತ್ತು, ಇಪ್ಪತ್ತೈದು ಮಿಲಿಮೀಟರಿನ ಶಾಫ್ಟಿಗೆ. ಈ ಅಳತೆಗೆ ಒಂದೊಂದು ಶಾಫ್ಟಿಗೂ ಸಂದು ತುಂಬುವ ಲೋಹದ ಬಳೆ, ಬುಶ್, ಬೇರೆ ಕಡೆಯಬೇಕು, ಡ್ರಿಲ್ ಬಿಟ್ಟಿನಲ್ಲಿ ಒಮ್ಮೆಗೆ ಕೊರೆಯಬಹುದಾದ ತೂತನ್ನು ನಿಧಾನ ಕೆರೆಯುತ್ತ ಕೂರಬೇಕು. ಇದೆಂಥ ಅಳತೆ ಎಂದರೆ ಮಾಸ್ಟರು ಎದೆಯುಬ್ಬಿಸಿದರು. ಮನೆಗೆ, ಬಾವಿಗೆ ಆಯ ನೋಡಿ ಅಳತೆ ಗೊತ್ತುಮಾಡುವ ಹಾಗೆ, ಯಂತ್ರದ ಒಂದೊಂದು ಭಾಗಕ್ಕೂ ಮಧೂರಿನ ವಾಸ್ತು ಬಲ್ಲ ಈಶ್ವರಪ್ರಸಾದರಿಂದ ಆಯ ನೋಡಿಸಿದ್ದರಂತೆ. ಶಾಫ್ಟಿಗೆ ಬಂದದ್ದು ಧ್ವಜಾಯ, ಶುಭದಲ್ಲಿ ಶುಭ.

ಅವಳು ದರ ಹೇಳಿದಳು, ಮಾಸ್ಟರು ಹೌಹಾರಿದರು. ಖರ್ಚು ಇಳಿಸುವ ಉಪಾಯಗಳನ್ನೂ ಅವರೇ ಕಲಿಸಿದರು. ಅಗ್ಗದ ಕಬ್ಬಿಣ ಹಾಕಬೇಕು, ಅಳೆದು ನೋಡುವುದನ್ನು ಬಿಡಬೇಕು, ಎಸಿ ಆಫ್ ಮಾಡಬೇಕು. ಆ ಶೆಡ್ಡಿಗೆ ಎಸಿಯೇ ಇರಲಿಲ್ಲ.

"ಇಪ್ಪತ್ತೈದು ಮಾಡಿ ಮಾಸ್ಟ್ರೇ, ಅರ್ಧಕ್ಕರ್ಧ ಇಳಿಯುತ್ತದೆ."

"ನಿನಗೆಂತ ಗೊತ್ತುಂಟು? ನೀನು ಗುಂಡಿ ಒತ್ತುವವಳು."

ಅಯ್ಯೋ, ಆ ಮಾತು ನೆಟ್ಟಗೆ ಎದೆಗೆ ನಾಟಿತು. ಒಂಬತ್ತು ವರ್ಷದ ದುಡಿಮೆಗೆ ಇಷ್ಟೇ ಹೆಸರು! ಆದರೆ ಸಿಟ್ಟು ಮಾಡಿಕೊಂಡು ಕೂತರೆ ಕೆಲಸ ಉಳಿಯುತ್ತದೆಯೇ? ಮರುದಿನ ರಜೆ ಹಾಕಿ ನಕ್ಷೆ ಹಿಡಿದು ಮಧೂರಿನ ಬಸ್ಸು ಹತ್ತಿದಳು.

ಈಶ್ವರಪ್ರಸಾದರು ನಕ್ಷೆ ನೋಡಿ ನಗು ತಡೆದುಕೊಂಡರು. "ಆಯ ನೋಡುವುದು ಮನುಷ್ಯರು ವಾಸ ಮಾಡುವಂಥದ್ದಕ್ಕೆ. ಶಾಫ್ಟಿನೊಳಗೆ ಯಾರು ಮಲಗುತ್ತಾರೆ ಮಾರಾಯ್ತಿ?" ಹಾಗಾದರೆ ಅಳತೆ ಕೊಟ್ಟದ್ದೇಕೆ ಎಂದು ಕೇಳಿದಳು. ಮಾಸ್ಟರು ಮೂರು ದಿನ ಜಗಲಿ ಬಿಟ್ಟು ಏಳಲಿಲ್ಲ, ಕೊಡದೆ ನಿರ್ವಾಹವಿರಲಿಲ್ಲ ಎಂದರು. ಪಾಪ, ಅವರದೂ ಸಂಕಟವೇ. ಅವಳ ಎದುರೇ ಮಾಸ್ಟರಿಗೆ ಫೋನ್ ಮಾಡಿ, ಶಾಫ್ಟು ಇಪ್ಪತ್ತೈದಿರಲಿ, ತೂತು ಒಂಬತ್ತಿರಲಿ, ಯಾವ ದೋಷವೂ ಇಲ್ಲ ಎಂದುಬಿಟ್ಟರು.

ಮರುದಿನ ಬೆಳಿಗ್ಗೆ ಬಾಗಿಲು ತೆರೆಯುವ ಮೊದಲೇ ಮಾಸ್ಟರು ಹಾಜರ್. ಇಪ್ಪತ್ತೈದು ಎಂಥ ಸಂಖ್ಯೆ, ಅದರಿಂದ ಬೇರಿಂಗು ಹೇಗೆ ಸುಲಭ, ದರ ಹೇಗೆ ಇಳಿಯುತ್ತದೆ ಎಂದು ಅವಳದೇ ಮಾತನ್ನು ಅವಳಿಗೇ ಉದಾಹರಣೆ ಸಹಿತ ಪಾಠ ಮಾಡಿದರು. ಅವಳು ಹೂಂಗುಟ್ಟಿದಳು. ದರ ಅರ್ಧಕ್ಕಿಳಿಯಿತು, ಘಟಕದ ಹೆಂಗಸರು ಒಪ್ಪಿದರು, ಉಗ್ಗಪ್ಪ ಯಂತ್ರ ಮಾರುವ ಮಾತು ಬಿಟ್ಟ.

ಹೊರಡುವಾಗ ಮಾಸ್ಟರು ಕಿಸೆಯಿಂದ ಚೀಟಿಯೊಂದನ್ನು ತೆಗೆದರು. ಪ್ರತಿ ಯಂತ್ರದ ಮೇಲೂ ಅದನ್ನು ಕೊರೆಯಬೇಕಂತೆ. ಸಂಶೋಧಕರು, ನಿವೃತ್ತ ಮುಖ್ಯೋಪಾಧ್ಯಾಯರು, ಕೃಷಿಚಿಂತಕರು ಶ್ರೀ ವೆಂಕಟಕೃಷ್ಣ. ಮಾರ್ಗದರ್ಶನ, ಶ್ರೀ ಈಶ್ವರಪ್ರಸಾದ. ಮೋಕ್ಷಿತಾ ಚೀಟಿಯನ್ನು ಎರಡು ಸಲ ಓದಿ, ಬೆರಳು ಮಡಚಿ ಅಕ್ಷರ ಎಣಿಸಿದಳು. ಒತ್ತಕ್ಷರಕ್ಕೆ ಬೇರೆ ದರ ಎಂದಳು. ಇಪ್ಪತ್ತು ಯಂತ್ರಕ್ಕೂ ಕೂಡಿಸಿ ಹೇಳಿದ ಮೊತ್ತ ಶಾಫ್ಟಿನ ಅಳತೆ ಬದಲಿಸಿ ಉಳಿಸಿದ್ದಕ್ಕಿಂತ ಹೆಚ್ಚೇ ಇತ್ತು.

ಮಾಸ್ಟರು ಚೌಕಾಸಿಯ ಮಾತೇ ಎತ್ತಲಿಲ್ಲ. ಇದು ತನ್ನ ಕೈಯಿಂದ ಎಂದು ನೋಟುಗಳನ್ನು ಎಣಿಸಿಕೊಟ್ಟು, ಅಕ್ಷರ ಸ್ವಲ್ಪ ದೊಡ್ಡದಿರಲಿ ಎಂದರು.