ಪಾಸ್‌ಪೋರ್ಟಿಗೆ ಇಟ್ಟ ಅರಿಶಿನ

ನಿಯಮ ಓದುವುದರಲ್ಲಿ ನನ್ನನ್ನು ಮೀರಿಸುವವರು ಹೊಳಲ್ಕೆರೆಯಲ್ಲೇ ಇಲ್ಲ ಎಂದು ನಾನೇ ಹೇಳಿಕೊಂಡು ತಿರುಗುತ್ತಿದ್ದೆ. ಹೆಂಡತಿ ಸುಮ ಚಿತ್ರದುರ್ಗದಲ್ಲಿ ನರ್ಸು. ಜರ್ಮನಿಯ ಆಸ್ಪತ್ರೆಯೊಂದು ಅವಳನ್ನು ಕೆಲಸಕ್ಕೆ ಕರೆದಿತ್ತು. ಆ ಭಾಷೆ ಕಲಿತು ಪರೀಕ್ಷೆ ಪಾಸು ಮಾಡಿದವಳು ಅವಳು. ಫೋಟೋದಲ್ಲಿ ಮುಖ ಎಷ್ಟು ದೊಡ್ಡದಿರಬೇಕು, ಯಾವ ಪತ್ರಕ್ಕೆ ಯಾರ ಮುದ್ರೆ ಬೇಕು, ಇದೆಲ್ಲ ನನ್ನ ಪಾಲು. ಸ್ಕೇಲು ಹಿಡಿದು ಫೋಟೋದಲ್ಲಿ ಅವಳ ಗಲ್ಲ ಅಳೆದಿದ್ದೇನೆ, ನಂಬಿ.

ತಿಂಗಳುಗಟ್ಟಲೆ ಕಾದ ಮೇಲೆ ವೀಸಾ ಅರ್ಜಿ ಕೊಡುವ ದಿನ ಬಂತು. ಬೆಂಗಳೂರಿನ ಬಸ್ಸಿಗೆ ಇನ್ನೂ ಸ್ವಲ್ಪ ಹೊತ್ತಿತ್ತು. ನನ್ನ ಕೈ ಸುಮ್ಮನಿರಲಿಲ್ಲ. ನಮ್ಮಲ್ಲಿ ಶಾಲೆಯ ಹಾಜರಿ ಪುಸ್ತಕಕ್ಕೂ ಅರಿಶಿನ ಇಡದೆ ಕೆಲಸ ಶುರುವಾಗುವುದಿಲ್ಲ. ಪಾಸ್‌ಪೋರ್ಟಿನ ರಟ್ಟಿಗೆ ಚೂರೇ ಚೂರು ಇಟ್ಟೆ. ಅದೇ ಒದ್ದೆ ಬೆರಳಲ್ಲಿ ಒಳಗೊಮ್ಮೆ ತಿರುವಿದೆ ನೋಡಿ, ಖಾಲಿ ಪುಟದ ಮೇಲೆ ಹಳದಿ ಕಲೆ. ಗಾಬರಿಯಲ್ಲಿ ಸೋಪಿನ ಬಟ್ಟೆಯಿಂದ ಒರೆಸಿದೆ. ಕಲೆ ಕೆಂಪಗಾಯಿತು. ಅರಿಶಿನಕ್ಕೆ ಸೋಪು ತಾಗಿದರೆ ಕೆಂಪಾಗುತ್ತದೆ ಎಂದು ಪ್ರತಿ ವರ್ಷ ಮಕ್ಕಳಿಗೆ ಮಾಡಿ ತೋರಿಸುವ ವಿಜ್ಞಾನದ ಮೇಷ್ಟ್ರು ನಾನು! ಹಾಳಾದ ಪಾಸ್‌ಪೋರ್ಟನ್ನು ತಗೊಳ್ಳದೆ ವಾಪಸು ಕಳಿಸಬಹುದು ಎಂಬ ನಿಯಮವನ್ನೂ ನಾನೇ ಅವಳಿಗೆ ಓದಿ ಹೇಳಿದ್ದೆ.

ಬಸ್ಸು ಹಿರಿಯೂರು ದಾಟಿತು. ಸುಮ ಕಿಟಕಿಯ ಕಡೆ ನೋಡುತ್ತಲೇ ಕೇಳಿದಳು: "ನಿಜ ಹೇಳ್ರಿ. ನಾನು ಹೋಗೋದು ಬ್ಯಾಡ ಅಂತ ಬೇಕಂತ್ಲೇ ಮಾಡಿದ್ರಾ?"

ಇಲ್ಲ ಎನ್ನಲು ಬಾಯಿ ತೆರೆದೆ. ಕಲೆ ಕಂಡ ಕ್ಷಣ ಎದೆಯ ಯಾವುದೋ ಮೂಲೆ ಹಗುರಾಗಿದ್ದು ನೆನಪಾಯಿತು. ನಾಚಿಕೆಯಾಯಿತು.

"ಬೇಕಂತ ಮಾಡ್ಲಿಲ್ಲ. ಭಯ ಐತೆ ಕಣೆ," ಎಂದೆ.

"ನನಗಿಲ್ವಾ?" ಎಂದಳು.

ಅರ್ಜಿ ಕೊಡುವಲ್ಲಿ ಜೊತೆಯವರನ್ನು ಒಳಗೆ ಬಿಡುವುದಿಲ್ಲ. ಹೊರಗೆ ಫುಟ್‌ಪಾತಿನಲ್ಲಿ ನಿಂತು, ಬಾಗಿಲಿಂದ ಬರುವ ಪ್ರತಿ ಮುಖದಲ್ಲೂ ನನ್ನ ತಪ್ಪನ್ನೇ ಹುಡುಕಿದೆ. ಒಂದೂವರೆ ಗಂಟೆಯ ಮೇಲೆ ಸುಮ ಬಂದಳು. ಇದೇನು ಕೆಂಪು ಎಂದು ಕೌಂಟರಿನಾಕೆ ಕೇಳಿದರಂತೆ.

"ಒಳ್ಳೇದಾಗ್ಲಿ ಅಂತ ನಮ್ಮನೆಯವರು ಇಟ್ಟ ಅರಿಶಿನ ಅಂದೆ."

ಆಕೆ ಅರ್ಜಿ ತೆಗೆದುಕೊಂಡರಂತೆ. ಬಸ್ಸಿನಲ್ಲಿ ನನ್ನನ್ನು ಕೇಳಿದ ಪ್ರಶ್ನೆಗೆ ಸುಮ ತಾನೇ ಉತ್ತರ ಕೊಟ್ಟುಕೊಂಡಿದ್ದಳು.

ಮುಂದಿನ ವಾರಗಳಲ್ಲಿ ಅಂಚೆಯವನ ಬೈಕಿನ ಸದ್ದಿಗೆಲ್ಲ ಎದ್ದು ಕೂತೆ. ಕೊನೆಗೂ ಲಕೋಟೆ ಬಂತು. ಕಲೆಯ ಪಕ್ಕದ ಪುಟದಲ್ಲಿ ವೀಸಾ ಅಂಟಿತ್ತು. ನನ್ನ ಬೆರಳು ಅಭ್ಯಾಸಬಲದಿಂದ ಕುಂಕುಮದ ಭರಣಿಗೆ ಹೋಯಿತು. ಸುಮ ಪಾಸ್‌ಪೋರ್ಟನ್ನು ಬೆನ್ನ ಹಿಂದೆ ಅಡಗಿಸಿ ಹಣೆ ಮುಂದೆ ಮಾಡಿದಳು.

"ಇಲ್ಲಿಡ್ರಿ," ಎಂದಳು.

ಹಣೆಗಿಡುವಾಗ ಮೂಗಿನ ಮೇಲೂ ಒಂದಿಷ್ಟು ಉದುರಿತು. ಈ ಸಲ ಒರೆಸಲು ಹೋಗಲಿಲ್ಲ.