ಜರ್ಮನಿಯವನ ಚಿಗವ್ವ

“ರೋಗಿಯ ಕಡೆಯವರು ಯಾರು?” ಎಂದು ಕೇಳಿದ ಮೇಲೆ ನನಗೇ ನಗು ಬಂತು. ತೊರಗಲ್ ಕೋಟೆಯಲ್ಲಿ ಜಾರಿ ಕಾಲು ಮುರಿದುಕೊಂಡ ಜರ್ಮನಿಯ ಪ್ರವಾಸಿ ಮಂಚದ ಮೇಲೆ ಒಬ್ಬನೇ ಮಲಗಿದ್ದ. ಎಪ್ಪತ್ತರ ದಶಕದಲ್ಲಿ, ರಾಮದುರ್ಗದಲ್ಲಿ ನಾನು ಗುಮಾಸ್ತನಾಗಿದ್ದ ಸಣ್ಣ ಆಸ್ಪತ್ರೆಯಲ್ಲಿ, ಕಡೆಯವರ ಸಹಿಯಿಲ್ಲದೆ ಆಪರೇಷನ್ ಆಗುತ್ತಿರಲಿಲ್ಲ.

ಪಕ್ಕದ ಮಂಚದ ಗಂಡನಿಗೆ ಗಂಜಿ ಕುಡಿಸುತ್ತಿದ್ದ ಗಂಗವ್ವ ಎದ್ದು ಬಂದು ಕಾಗದಕ್ಕೆ ಹೆಬ್ಬೆಟ್ಟು ಒತ್ತಿಯೇಬಿಟ್ಟಳು. ಸಂಬಂಧ ಏನೆಂದು ಬರೆಯಲಿ ಎಂದು ಕೇಳಿದೆ.

“ಚಿಗವ್ವ ಅಂತ ಬರೀರಿ, ಅವರವ್ವನ ತಂಗಿ. ಅವನ ಹಡದವ್ವ ಬರೂತನಕ ಮುರದ ಕಾಲು ಹಂಗ ಬಿಡ್ತೀರೇನು?”

ಅಂದಿನಿಂದ ಅವನಿಗೆ ನುಚ್ಚು ಮಜ್ಜಿಗೆ ತಿನ್ನಿಸಿದಳು. ಮಂಚದಿಂದ ಇಳಿಯಲು ನೋಡಿದರೆ ಗದರಿದಳು. ಸೂಜಿ ಯಾಕೆಂದು ಹೇಳದೆ ಚುಚ್ಚಕೂಡದೆಂದು ನರ್ಸಿಗೂ ತಾಕೀತು ಮಾಡಿದಳು. ಮೂರನೇ ದಿನ ಡಾಕ್ಟರು ಗಂಡನಿಗೆ ಮನೆಗೆ ಹೋಗಬಹುದೆಂದರೂ ಇವಳು ಹೊರಡಲಿಲ್ಲ. ಹುಷಾರಾದ ಗಂಡ ಪಾಪ, ವಾರವಿಡೀ ಹೊರಗಿನ ಕಟ್ಟೆಯ ಮೇಲೆ ಕುಳಿತು ನನ್ನನ್ನು ಕೇಳುತ್ತಿದ್ದ: “ನಮ್ಮ ಹುಡುಗನ್ನ ಯಾವಾಗ ಬಿಡ್ತೀರಿ, ಸಾಹೇಬ್ರ? ನಾ ಮನಿಗೆ ಹೋಗಬೇಕು.”

ಕಾಗದದಲ್ಲಿ ನಾನು ಸುಳ್ಳು ಸಂಬಂಧ ಬರೆದದ್ದು ಅದೊಂದೇ ಸಲ. ಹೊರಡುವ ದಿನ ಅವನು ಊರುಗೋಲು ಬದಿಗಿಟ್ಟು ಅವಳ ಪಾದ ಮುಟ್ಟಲು ಹೋಗಿ ಮತ್ತೆ ಬೀಳುವುದರಲ್ಲಿದ್ದ. ಆಗ ಗಂಗವ್ವ ಬೈದದ್ದನ್ನು ಕೇಳಿದ್ದರೆ ಯಾರೂ ಆ ಸಂಬಂಧವನ್ನು ಸುಳ್ಳೆನ್ನುತ್ತಿರಲಿಲ್ಲ.