ದೇಸಾಯಿ ಸರ್ ಅವರ ಸ್ಟ್ಯಾಟಿಸ್ಟಿಕ್ಸ್ ಪಾಠ

ಅಮೆರಿಕದಲ್ಲೇ ಬೇರೆ ರಾಜ್ಯದ ದೊಡ್ಡ ಯೂನಿವರ್ಸಿಟಿಯೊಂದರಲ್ಲಿ ನನಗೆ ಟ್ರಾನ್ಸ್‌ಫರ್ ಸೀಟು ಸಿಕ್ಕಿತ್ತು. ಆದರೆ ಅದಕ್ಕೂ ಮೊದಲು ಎರಡು ವರ್ಷದ ಕಮ್ಯುನಿಟಿ ಕಾಲೇಜಿನಲ್ಲಿ ನಾನು ಪಾಸಾಗಿದ್ದ ಸ್ಟ್ಯಾಟಿಸ್ಟಿಕ್ಸ್ ಕೋರ್ಸನ್ನು ಒಪ್ಪಬೇಕಾದರೆ ಸಿಲೆಬಸ್ ಕಳಿಸಬೇಕು ಎಂದರು. ಅಲ್ಲಿ ಅದನ್ನು ಪಾಠ ಮಾಡಿದ್ದ, ಮೂಲತಃ ಧಾರವಾಡದವರಾದ ದೇಸಾಯಿ ಸರ್‌ಗೆ ಫೋನ್ ಮಾಡಿದೆ. ಎತ್ತಿದವರು ಅವರ ಹೆಂಡತಿ.

"ಅವ್ರು ಹೋಗಿ ತಿಂಗಳಾತವಾ," ಎಂದರು. ಫೋನ್ ಮಾಡಿದ ಕಾರಣ ಕೇಳಿಕೊಂಡು, "ಮನೀಗೆ ಬಾ, ಕಂಪ್ಯೂಟರಿನ್ಯಾಗ ಹುಡುಕೂಣು," ಎಂದರು.

ನಮ್ಮೂರಿನದೇ ಚಾಟ್ಸ್‌ವರ್ತ್ ಬಡಾವಣೆಯ ಅವರ ಮನೆಯಲ್ಲಿ ನಾನೂ ಆಂಟಿಯೂ ಸರ್ ಮೇಜಿನ ಮುಂದೆ ಕೂತೆವು. ಸಿಲೆಬಸ್ ಬೇಗ ಸಿಕ್ಕಿತು. ಅದರ ಪಕ್ಕದಲ್ಲೇ ಕೋವಿಡ್ ಕಾಲದ ನಮ್ಮ ಆನ್‌ಲೈನ್ ಕ್ಲಾಸಿನ ರೆಕಾರ್ಡಿಂಗ್ ಇತ್ತು. ಆಂಟಿ ಅದನ್ನು ಒತ್ತಿಬಿಟ್ಟರು. ಸರ್ ಇಂಗ್ಲಿಷಿನಲ್ಲಿ, "ಯಾರಿಗಾದರೂ ಅರ್ಥವಾಗಲಿಲ್ಲವಾ?" ಎಂದು ಕೇಳಿ, ಕ್ಯಾಮೆರಾ ನೋಡುತ್ತಾ ಕಾದರು. ನಮ್ಮೆಲ್ಲರ ಕ್ಯಾಮೆರಾಗಳೂ ಆಫ್ ಆಗಿದ್ದವು.

"ಯಾರೂ ಮಾತಾಡವಲ್ರಲ್ಲ?" ಎಂದರು ಆಂಟಿ.

"ಅರ್ಥವಾಗಿತ್ತು ಆಂಟಿ, ಅದಕ್ಕೇ ಸುಮ್ಮನಿದ್ದೆವು."

"ಹಂಗಾದ್ರ ಛಲೋ ಆತು," ಎಂದು ಅವರು ಸೆರಗಿನಿಂದ ಕಣ್ಣೊರೆಸಿಕೊಂಡರು.

ಯೂನಿವರ್ಸಿಟಿ ಕೊನೆಗೂ ಆ ಕೋರ್ಸನ್ನು ಒಪ್ಪಲಿಲ್ಲ. ಇಲ್ಲಿ ಅದನ್ನೇ ಮೊದಲಿನಿಂದ ಓದುತ್ತಿದ್ದೇನೆ. ಕ್ಲಾಸಿನಲ್ಲಿ ಕೇಳಿದ್ದಕ್ಕೆಲ್ಲ ತಕ್ಷಣ ಉತ್ತರ ಕೊಡುತ್ತೇನೆ. ಹೊಸ ಪ್ರೊಫೆಸರ್ ನನ್ನನ್ನು ಭಾರೀ ಜಾಣೆ ಅಂದುಕೊಂಡಿದ್ದಾರೆ.